ಬಾಗಿಲಲ್ಲಿ ನುಸುಳಿ ಬಂದ ಗಣಿತ

1993ರ ಒಂದು ರಾತ್ರಿ, ಒಂದು ಗಂಟೆಯ ಹೊತ್ತು. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿ ಆ್ಯಪಲ್ ಕಚೇರಿಯೊಳಗೆ ಇಬ್ಬರು ಯುವಕರು ತಾವು ಬರೆದ ತಂತ್ರಾಂಶವನ್ನು ಪವರ್‌ಪಿಸಿ ಚಿಪ್‌ನ ಹೊಸ ಯಂತ್ರದಲ್ಲಿ ಮೊದಲ ಸಲ ಓಡಿಸಿದರು. ಓಡಿಸಿದ್ದೇ ತಡ, ಮಾನಿಟರ್‌ಗೆ ಬೆಂಕಿ ಹತ್ತಿತು. ಅಲಾರಂ ಹೊಡೆದುಕೊಳ್ಳಬಾರದೆಂದು ಅದನ್ನು ಹೊತ್ತು ಹೊರಗಿಟ್ಟು ಬೇರೊಂದನ್ನು ಜೋಡಿಸಿದರು. ಕೆಟ್ಟಿದ್ದು ಮಾನಿಟರ್ ಮಾತ್ರ. ತಂತ್ರಾಂಶ ಹಳೆಯ ಚಿಪ್‌ಗಿಂತ ಐವತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಓಡಿತು.

ಅಷ್ಟಕ್ಕೂ ಅವರನ್ನು ಅಲ್ಲಿ ಕೆಲಸಕ್ಕೆ ಇಟ್ಟುಕೊಂಡವರೇ ಇರಲಿಲ್ಲ. ಇಬ್ಬರಲ್ಲೊಬ್ಬನಾದ ರಾನ್ ಅವಿಟ್ಜರ್ ದುಡಿಯುತ್ತಿದ್ದ ಯೋಜನೆ ಆಗಸ್ಟ್‌ನಲ್ಲೇ ರದ್ದಾಗಿ, ಗುತ್ತಿಗೆ ಮುಗಿದಿತ್ತು. ಬ್ಯಾಡ್ಜ್ ತೋರಿಸಿದರೆ ಬಾಗಿಲು ಮಾತ್ರ ಇನ್ನೂ ತೆರೆಯುತ್ತಿತ್ತು. ಗೆಳೆಯ ಗ್ರೆಗ್ ರಾಬಿನ್ಸ್ ತಾನಿನ್ನು ಅವಿಟ್ಜರ್ ಕೈಕೆಳಗೆ ಎಂದು ತನ್ನ ಮೇಲಧಿಕಾರಿಗೆ ಹೇಳಿದ. ಅವಿಟ್ಜರ್ ತಾನು ರಾಬಿನ್ಸ್ ಕೈಕೆಳಗೆ ಎಂದ. ಬ್ಯಾಡ್ಜ್ ರದ್ದಾದ ಮೇಲೆ ನೌಕರರ ಬೆನ್ನ ಹಿಂದೆಯೇ ಒಳಗೆ ನುಸುಳಿದರು. ಸಂಬಳವಂತೂ ಇಲ್ಲ.

ಹೀಗೆ ಹುಟ್ಟಿದ್ದು ‘ಗ್ರಾಫಿಂಗ್ ಕ್ಯಾಲ್ಕುಲೇಟರ್’. ಸಮೀಕರಣ ಬರೆದರೆ ಸಾಕು, ಅದರ ಮೂರು ಆಯಾಮದ ಮೇಲ್ಮೈ ಪರದೆಯ ಮೇಲೆ ತಿರುಗುತ್ತದೆ. ಎಕ್ಸ್ ವರ್ಗದಿಂದ ವೈ ವರ್ಗ ಕಳೆದು ನೋಡಿ: ಕುದುರೆಯ ಜೀನು ಮೂಡುತ್ತದೆ. ಅದರ ನಡುಬಿಂದು ಎರಡು ಗುಡ್ಡಗಳ ನಡುವಿನ ಘಾಟಿಯ ನೆತ್ತಿಯಂತೆ. ದಾರಿ ಹಿಡಿದು ಹೋಗುವವನಿಗೆ ಅದೇ ಎತ್ತರ, ಗುಡ್ಡದಿಂದ ಇಳಿದವನಿಗೆ ಅದೇ ತಗ್ಗು. ಪುಟಗಟ್ಟಲೆ ಅವಕಲನ ಹೇಳುವುದನ್ನು ಕಣ್ಣು ಒಂದೇ ನೋಟಕ್ಕೆ ಹಿಡಿಯುತ್ತದೆ.

ಇದರ ಹಿಂದಿನ ಉಪಾಯ ಸರಳ. ಇಂಥ ತಂತ್ರಾಂಶಗಳು ಸಾಮಾನ್ಯವಾಗಿ ನೆಲಕ್ಕೆ ಚೌಕುಳಿ ಹಾಕಿ, ಪ್ರತಿ ಮೂಲೆಯಲ್ಲೂ ಎತ್ತರ ಲೆಕ್ಕಹಾಕಿ, ಬಿಂದುಗಳನ್ನು ಹೆಣೆಯುತ್ತವೆ. ಉದ್ದಕ್ಕೂ ಅಗಲಕ್ಕೂ ಐವತ್ತೈವತ್ತು ಬಿಂದುಗಳಿದ್ದರೆ 2,500 ಲೆಕ್ಕ. ತಿರುಗಿಸಿದಾಗಲೆಲ್ಲ ಯಾವುದು ಮುಂದೆ, ಯಾವುದು ಮರೆ ಎಂದು ಮತ್ತೆ ತೀರ್ಮಾನಿಸಬೇಕು. ವೇಗದ ಚಿಪ್ ಬೇಕಾದದ್ದು ಇದಕ್ಕೇ. ಮೋಸವೂ ಇಲ್ಲೇ ಇದೆ: ಅಲೆಗಳು ಚೌಕಕ್ಕಿಂತ ಕಿರಿದಾದರೆ ಇಲ್ಲದ ಉಂಗುರಗಳು ಕಾಣಿಸುತ್ತವೆ. ಚೌಕುಳಿ ಸಣ್ಣದು ಮಾಡಿ ಇನ್ನೊಮ್ಮೆ ನೋಡಿದವನಿಗೇ ನಿಜ ತಿಳಿಯುವುದು.

ಇಂಥ ಚಿತ್ರ ಬಿಡಿಸಲು ಆಗಲೇ ಗ್ನೂಪ್ಲಾಟ್ (1986), ಮ್ಯಾಥಮ್ಯಾಟಿಕಾ (1988) ತಂತ್ರಾಂಶಗಳಿದ್ದವು. ಅವುಗಳಿಗೆ ಆಜ್ಞೆಗಳ ಭಾಷೆ ಕಲಿಯಬೇಕಿತ್ತು. ಗ್ರಾಫಿಂಗ್ ಕ್ಯಾಲ್ಕುಲೇಟರ್‌ಗೆ ಅದು ಬೇಕಿರಲಿಲ್ಲ. ಅಕ್ಟೋಬರ್‌ನಲ್ಲಿ ಆ್ಯಪಲ್ ವ್ಯವಸ್ಥಾಪಕರು ಅದರ ಪ್ರದರ್ಶನ ನೋಡಿ ಬೆರಗಾಗಿ, ಯಾವ ವಿಭಾಗದವರೆಂದು ಕೇಳಿದರು. ಕಳ್ಳದಾರಿಯಲ್ಲಿ ಬರುತ್ತಿದ್ದೇನೆಂದು ಅವಿಟ್ಜರ್ ಹೇಳಿದಾಗ ನಕ್ಕರು. ಅದು ನಿಜವೆಂದು ತಿಳಿದಾಗ ನಗು ನಿಂತಿತು. ಆದರೂ 1994ರಲ್ಲಿ ಪವರ್‌ಪಿಸಿ ಚಿಪ್‌ನ ಪವರ್ ಮ್ಯಾಕಿಂಟಾಷ್ ಕಂಪ್ಯೂಟರ್ ಜತೆಗೇ ತಂತ್ರಾಂಶ ಹೊರಬಂತು. ಅವಿಟ್ಜರ್ ಪ್ರಕಾರ ಅದು ಎರಡು ಕೋಟಿಗೂ ಹೆಚ್ಚು ಯಂತ್ರಗಳನ್ನು ಸೇರಿತು.

ಅದನ್ನು ಮಾರಬಹುದಿತ್ತಲ್ಲ? ಹಾಗೆ ಮಾಡದಿದ್ದುದಕ್ಕೆ ಅವಿಟ್ಜರ್ ಕೊಟ್ಟ ಕಾರಣವಿದು: ಸರ್ಕಾರಿ ಶಾಲೆಗಳಲ್ಲಿ ತಂತ್ರಾಂಶ ಕೊಳ್ಳಲು ದುಡ್ಡಿಲ್ಲ, ಕಂಪ್ಯೂಟರ್‌ಗೆ ಕಾರ್ಖಾನೆಯಲ್ಲೇ ತುಂಬಿಸಿಟ್ಟರೆ ಯಾರೂ ಕೊಳ್ಳಬೇಕಿಲ್ಲ.