ಗೇರು ಸಿಪ್ಪೆ: ಒಲೆ ಸೇರುವ ಮುನ್ನ

ಮಂಗಳೂರು: ಪಾಯಸದ ಗೋಡಂಬಿಯನ್ನು ಸವಿಯುವವರಿಗೆ ಅದರ ಸಿಪ್ಪೆಯ ನೆನಪಾಗುವುದು ಅಪರೂಪ. ಆದರೆ 100 ಕಿಲೋ ಗೇರುಬೀಜ ಒಡೆದರೆ ದೊರೆಯುವ ತಿರುಳು 20ರಿಂದ 25 ಕಿಲೋ ಮಾತ್ರ. ಸುಮಾರು 70 ಕಿಲೋ ಗಟ್ಟಿ ಸಿಪ್ಪೆಯಾಗಿ ಉಳಿಯುತ್ತದೆ. ಕರಾವಳಿಯ ಕಾರ್ಖಾನೆಗಳಿಗೆ ಊರಿನ ಬೆಳೆ ಸಾಲದೆ ಆಫ್ರಿಕಾದ ದೇಶಗಳಿಂದಲೂ ಬೀಜ ಬರುತ್ತದೆ. ತಿರುಳು ಡಬ್ಬಿಗಳಲ್ಲಿ ತುಂಬಿ ಹೊರಡುತ್ತದೆ. ಸಿಪ್ಪೆ ಇಲ್ಲೇ ಉಳಿಯುತ್ತದೆ.

ಇದನ್ನು ಬರೀ ತ್ಯಾಜ್ಯವೆನ್ನಲಾಗದು. ಸಿಪ್ಪೆಯ ಎರಡು ಪದರಗಳ ನಡುವೆ ಜೇನುಗೂಡಿನಂತಹ ಭಾಗವಿದ್ದು, ಅದರಲ್ಲಿ ಕಪ್ಪು ಮಿಶ್ರಿತ ಕಂದು ಬಣ್ಣದ ಎಣ್ಣೆ ತುಂಬಿರುತ್ತದೆ. ಸಿಪ್ಪೆಯ ತೂಕದಲ್ಲಿ ಇದರ ಪಾಲು ಶೇ. 20ರಿಂದ 25. ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಬೀಜ ಒಡೆಯುವ ಮಹಿಳೆಯರ ಬೆರಳುಗಳ ಕಪ್ಪುಕಲೆಗೆ ಕಾರಣ ಇದೇ. ಹಿಂದೆ ಮೀನುಗಾರರು ದೋಣಿಯ ಮರಕ್ಕೆ ಹುಳ ಹಿಡಿಯದಂತೆ ಇದನ್ನೇ ಬಳಿಯುತ್ತಿದ್ದರು.

ಈ ಎಣ್ಣೆಯ ಮುಖ್ಯ ಅಂಶ ಅನಕಾರ್ಡಿಕ್ ಆಮ್ಲ. ಕಾಯಿಸಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಕಾರ್ಡನಾಲ್ ಆಗುತ್ತದೆ. ಕಾರ್ಡನಾಲ್ ಎಂಬುದು 15 ಇಂಗಾಲದ ಪರಮಾಣುಗಳ ಉದ್ದನೆಯ ಬಾಲವುಳ್ಳ ಫೀನಾಲ್. ಫಾರ್ಮಾಲ್ಡಿಹೈಡ್ ಜೊತೆ ಸೇರಿಸಿದರೆ ರಾಳವಾಗಿ ಗಟ್ಟಿಗೊಳ್ಳುತ್ತದೆ. ಸಾಮಾನ್ಯ ಫೀನಾಲಿನ ರಾಳ ಗಾಜಿನಂತೆ ಪೆಡಸು. ಆ ಬಾಲದ ದೆಸೆಯಿಂದ ಇದಕ್ಕೆ ತುಸು ಬಾಗುವ ಗುಣ ಬರುತ್ತದೆ. ಗಟ್ಟಿಯಾದ ರಾಳವನ್ನು ಪುಡಿ ಮಾಡಿ ವಾಹನಗಳ ಬ್ರೇಕ್ ಲೈನಿಂಗ್ ಮತ್ತು ಕ್ಲಚ್ ಫಲಕಗಳಿಗೆ ಬೆರೆಸುವ ಪದ್ಧತಿ ದಶಕಗಳಷ್ಟು ಹಳೆಯದು. ಬಿಸಿಯೇರಿದರೂ ಬ್ರೇಕಿನ ಹಿಡಿತ ಏರುಪೇರಾಗದಂತೆ, ಕಿರುಗುಟ್ಟುವ ಸದ್ದು ತಗ್ಗುವಂತೆ ಅದು ನೆರವಾಗುತ್ತದೆ. ಅಂದರೆ ಗೇರು ಸಿಪ್ಪೆಯಿಂದ ಸಂಯೋಜಿತ ವಸ್ತು, ಅಥವಾ ಕಾಂಪೊಸಿಟ್, ತಯಾರಿಸುವುದು ಹೊಸ ಸಂಗತಿಯೇನಲ್ಲ.

ಹೊಸತೆಂದರೆ ಎಣ್ಣೆ ಹಿಂಡಿದ ಮೇಲೆ ಉಳಿಯುವ ಹಿಂಡಿಯ ಬಳಕೆ. ಸದ್ಯ ಅದು ಬಹುಮಟ್ಟಿಗೆ ಬಾಯ್ಲರ್ ಮತ್ತು ಗೂಡುಗಳ ಉರುವಲು. ಅದನ್ನು ನುಣ್ಣಗೆ ಪುಡಿ ಮಾಡಿ ಪಾಲಿಪ್ರೊಪಿಲೀನ್ ಇಲ್ಲವೇ ಎಪಾಕ್ಸಿ ರಾಳಕ್ಕೆ ಬೆರೆಸಿ ಹಲಗೆ, ಅಚ್ಚಿನ ವಸ್ತುಗಳನ್ನು ತಯಾರಿಸಲು ಸಾಧ್ಯವಿದೆ. ತೆಂಗಿನ ಕರಟ, ಶೇಂಗಾ ಸಿಪ್ಪೆಗಳಿಗೂ ಇದೇ ಮಾತು ಸಲ್ಲುತ್ತದೆ.

ತೊಡಕುಗಳೂ ಇಲ್ಲದಿಲ್ಲ. ಸಿಪ್ಪೆಯ ಪುಡಿ ನೀರನ್ನು ಹೀರುತ್ತದೆ, ಪ್ಲಾಸ್ಟಿಕ್ ನೀರನ್ನು ದೂರವಿಡುತ್ತದೆ. ಇವೆರಡೂ ಸುಲಭಕ್ಕೆ ಒಂದಕ್ಕೊಂದು ಅಂಟುವುದಿಲ್ಲ. ಹಾಗಾಗಿ ಪುಡಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆಯಬೇಕು, ಇಲ್ಲವೇ ಎರಡನ್ನೂ ಬೆಸೆಯುವ ರಾಸಾಯನಿಕ ಸೇರಿಸಬೇಕು. ಶಾಖ 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪುಡಿ ಕರಕಲಾಗತೊಡಗುತ್ತದೆ. ಗೇರಿಗೆ ಇನ್ನೊಂದು ಪೇಚು: ಎಣ್ಣೆಯ ಅಂಶ ಉಳಿದಿದ್ದರೆ ಅದರಲ್ಲಿನ ಫೀನಾಲ್‌ಗಳು ಪಾಲಿಯೆಸ್ಟರ್ ರಾಳ ಗಟ್ಟಿಯಾಗುವುದಕ್ಕೇ ಅಡ್ಡಿಪಡಿಸುತ್ತವೆ.

ಗ್ರಾಹಕರು ಗಮನಿಸಬೇಕಾದ ಅಂಶವೊಂದಿದೆ. ಸಿಪ್ಪೆ ಬೆರೆತ ಮಾತ್ರಕ್ಕೆ ವಸ್ತು ಮಣ್ಣಲ್ಲಿ ಕರಗುತ್ತದೆಂದು ತಿಳಿಯಬೇಕಿಲ್ಲ. 100 ಗ್ರಾಂ ಹಲಗೆಯಲ್ಲಿ 30 ಗ್ರಾಂ ಸಿಪ್ಪೆಯಿದ್ದರೆ ಮಿಕ್ಕ 70 ಗ್ರಾಂ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ. ಬೆರಕೆಯಾದ್ದರಿಂದ ಗುಜರಿಯವರಿಗೂ ಅದು ಬೇಡದ ಸರಕು. ಲಾಭವೇನಿದ್ದರೂ ಬಳಸುವ ಪ್ಲಾಸ್ಟಿಕ್ಕಿನ ಪ್ರಮಾಣ ತಗ್ಗುವುದರಲ್ಲಿದೆ. ಕಾರ್ಡನಾಲ್ ರಾಳದ ‘ಹಸಿರು’ ಕೂಡ ಅರ್ಧ ಸತ್ಯವೇ, ಏಕೆಂದರೆ ಅದಕ್ಕೆ ಬೆರೆಸುವ ಫಾರ್ಮಾಲ್ಡಿಹೈಡ್ ಸಾಮಾನ್ಯವಾಗಿ ನೈಸರ್ಗಿಕ ಅನಿಲ ಇಲ್ಲವೇ ಕಲ್ಲಿದ್ದಲಿನ ಮೂಲದಿಂದ ಬರುವಂಥದ್ದು.

ಆದರೂ ಎಣ್ಣೆ ತೆಗೆಯದ ಸಿಪ್ಪೆಯನ್ನು ನೇರವಾಗಿ ಒಲೆಗೆ ಹಾಕುವುದಕ್ಕಿಂತ ಇದು ಮೇಲು. ಅದರ ದಟ್ಟ ಹೊಗೆಗೆ ಕಣ್ಣು, ಗಂಟಲು ಉರಿಯುತ್ತವೆ. ಅದರ ಬಾಧೆ ಮೊದಲು ತಟ್ಟುವುದು ಕಾರ್ಮಿಕರಿಗೆ ಮತ್ತು ಸುತ್ತಲಿನ ಮನೆಗಳಿಗೆ. ಕಾರ್ಖಾನೆಯವರ ಲೆಕ್ಕವೇ ಬೇರೆ. ಒಣಗಿಸುವ, ಪುಡಿ ಮಾಡುವ, ಸಾಗಿಸುವ ಖರ್ಚು ಕಳೆದ ಮೇಲೂ ಹಲಗೆ ತಯಾರಕರು ಕೊಡುವ ಬೆಲೆ ಉರುವಲಿನ ಬೆಲೆಗಿಂತ ಹೆಚ್ಚಿದ್ದರೆ ಮಾತ್ರ ಹಿಂಡಿ ಅತ್ತ ಸಾಗುತ್ತದೆ. ತೆಂಗಿನ ಕರಟದ ವಿಷಯದಲ್ಲಿ ಈ ಪೈಪೋಟಿ ಇನ್ನೂ ಬಿಗಿ. ಇದ್ದಿಲು ಮತ್ತು ನೀರು ಶುದ್ಧೀಕರಣಕ್ಕೆ ಬೇಕಾದ ಸಕ್ರಿಯ ಇಂಗಾಲ ತಯಾರಿಸುವವರು ಕರಟಕ್ಕೆ ಈಗಾಗಲೇ ಕಾದು ನಿಂತಿರುತ್ತಾರೆ.