ದ್ರಾಕ್ಷಿಯ ಊರಲ್ಲಿ ರಸಾಯನದ ಪಾಠ

ಮಾರ್ಚ್ ಬಂತೆಂದರೆ ನಿಫಾಡ್ ತಾಲ್ಲೂಕಿನ ರಸ್ತೆಗಳಲ್ಲಿ ದ್ರಾಕ್ಷಿ ಕ್ರೇಟುಗಳದೇ ಓಡಾಟ. ನಾಶಿಕ್ ಜಿಲ್ಲೆಯ ಈ ದ್ರಾಕ್ಷಿ ಯುರೋಪಿಗೂ ಹೋಗುತ್ತದೆ. ಬ್ಯಾಂಕ್ ಕೆಲಸಕ್ಕೆಂದು ಬಂದ ನಮಗೆ ಯುಗಾದಿಯಾದ ದಿನವೇ ಇಲ್ಲಿಯವರಿಗೆ ಗುಡಿ ಪಾಡವಾ. ಬೇವು ಎರಡೂ ಕಡೆ ಇದೆ. ನೆರೆಮನೆಯಿಂದ ಸಕ್ಕರೆಯ ಗಾಠಿ ಸರ ಬಂದರೆ, ನಮ್ಮ ಮನೆಯಿಂದ ಒಂದು ಬಟ್ಟಲು ರಸಾಯನ ಹೋಗುತ್ತದೆ. ರಾಮನವಮಿಗೆ ಮತ್ತೊಮ್ಮೆ.

ಮಗಳಿಗೆ ಆರು ವರ್ಷ, ಮಗನಿಗೆ ನಾಲ್ಕು. ಶಾಲೆ, ಆಟ, ಜಗಳ ಎಲ್ಲವೂ ಮರಾಠಿಯಲ್ಲಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಫೋನಿನಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಇವರು ಮರಾಠಿಯಲ್ಲಿ ಉತ್ತರಿಸಿದಾಗ, ಆ ಕಡೆ ಒಂದು ಗಳಿಗೆ ಮೌನ. ಆಮೇಲೆ, ‘ಅಮ್ಮನಿಗೆ ಕೊಡು ಪುಟ್ಟಾ’ ಎಂಬ ಮಾತು. ಆ ಮೌನ ನನ್ನನ್ನು ಕಾಡುತ್ತದೆ.

ಕೂರಿಸಿ ಪಾಠ ಹೇಳಿದರೆ ಮಕ್ಕಳು ಎದ್ದು ಓಡುತ್ತಾರೆ. ಕೈಗೆ ಹಣ್ಣು ಕೊಟ್ಟರೆ ಕೂರುತ್ತಾರೆ. ಹೀಗಾಗಿ ರಸಾಯನವೇ ನಮ್ಮ ಕನ್ನಡ ಶಾಲೆ. ನಾಲ್ಕು ಬಾಳೆಹಣ್ಣು, ಒಂದು ಬಟ್ಟಲು ದ್ರಾಕ್ಷಿ, ಅರ್ಧ ಬಟ್ಟಲು ತೆಂಗಿನತುರಿ, ಮೂರು ಚಮಚ ಬೆಲ್ಲದ ಪುಡಿ, ಚಿಟಿಕೆ ಏಲಕ್ಕಿ. ಒಲೆ ಬೇಡ.

ಮರಾಠಿಯಲ್ಲಿ ಬಾಳೆಹಣ್ಣುಗಳಿಗೆ ‘ಕೇಳಿ’ ಎನ್ನುತ್ತಾರೆ. ಮಗ ‘ಕೇಳಿ, ಕೇಳಿ’ ಎಂದು ಕೈಚಾಚಿದರೆ, ನಾನು ‘ಹೇಳಪ್ಪಾ, ಕೇಳ್ತಾ ಇದೀನಿ’ ಎನ್ನುತ್ತೇನೆ. ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ. ಮಗ ಸುಲಿಯುತ್ತಾನೆ, ಹಿಚುಕುತ್ತಾನೆ. ಮಗಳು ದ್ರಾಕ್ಷಿ ಬಿಡಿಸಿ, ಎರಡು ಮೂರು ನೀರಿನಲ್ಲಿ ತೊಳೆದು, ಬೆಲ್ಲ ಉದುರಿಸಿ ಕಲಸುತ್ತಾಳೆ. ಸುಲಿ, ಬಿಡಿಸು, ಹಿಚುಕು, ಉದುರಿಸು, ಕಲಸು – ಐದು ಪದಗಳು ಪುಸ್ತಕವಿಲ್ಲದೆ ನಾಲಿಗೆಗೆ ಹತ್ತಿದವು.

ಚಾಕು ಮಾತ್ರ ನನ್ನ ಕೈಯಲ್ಲೇ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ ಕೊಡಬಾರದು. ಗುಂಡಗಿನ ನುಣುಪು ಹಣ್ಣು ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಿಸಬಹುದು. ಉದ್ದುದ್ದಕ್ಕೆ ನಾಲ್ಕು ಹೋಳು ಮಾಡಿ. ಕಲಸಿದ ರಸಾಯನವನ್ನು ಹೆಚ್ಚು ಹೊತ್ತು ಇಡಬೇಡಿ, ಬಾಳೆಹಣ್ಣು ಕಪ್ಪಾಗುತ್ತದೆ.

ನೀವು ನಾಗಪುರದಲ್ಲಿದ್ದರೆ ಕಿತ್ತಳೆ ಹಾಕಿ, ರತ್ನಾಗಿರಿಯಲ್ಲಿದ್ದರೆ ಮಾವು. ಹಣ್ಣು ಆಯಾ ಊರಿನದಾಗಲಿ, ಮಾಡುವಾಗಿನ ಮಾತು ನಮ್ಮದಾಗಲಿ. ಹೋದ ಯುಗಾದಿಗೆ ಮಗ ಫೋನಿನಲ್ಲಿ, ‘ಅಜ್ಜೀ, ನಾನೇ ಹಿಚುಕಿದ್ದು’ ಎಂದ. ಅಜ್ಜಿ ಫೋನನ್ನು ನನಗೆ ಕೊಡು ಎನ್ನಲೇ ಇಲ್ಲ.