ಪಿಂಗಾಣಿ ಬಿಲ್ಲೆಯ ಆಂಟೆನಾ: ಅದಕ್ಕೆ ಅಲೆಯನ್ನು ಊಡುವ ಬಗೆ

ನಮ್ಮ ಮಲ್ಕಾಜ್‌ಗಿರಿಗೆ ಸಮೀಪದ ಕುಶಾಯಿಗುಡದಲ್ಲಿರುವ ಇ.ಸಿ.ಐ.ಎಲ್. ಸಂಸ್ಥೆಯ ಹೆಸರನ್ನು ಕೇಳದ ವಾಚಕರು ವಿರಳ. ಬೆಂಗಳೂರಿನ ಬಳಿ ಬ್ಯಾಲಾಳುವಿನಲ್ಲಿ ನಿಂತಿರುವ 32 ಮೀಟರ್ ಅಗಲದ ಬೋಗುಣಿ ಆಂಟೆನಾ ಇವರದೇ ನಿರ್ಮಾಣ. 2008ರಲ್ಲಿ ಚಂದ್ರಯಾನದ ಸಂಕೇತಗಳನ್ನು ಹಿಡಿದುದು ಅದೇ. ಅಷ್ಟು ದೊಡ್ಡ ಬೋಗುಣಿಗೂ ಅಲೆಯನ್ನು ಒಯ್ದು ಮುಟ್ಟಿಸುವ ಏರ್ಪಾಡು ಬೇರೆಯಾಗಿ ಬೇಕು. ಇದಕ್ಕೆ ಊಡಿಕೆ ಎನ್ನೋಣ. ಅಂಗಿಯ ಗುಂಡಿಗಿಂತ ಚಿಕ್ಕದಾದ ಇನ್ನೊಂದು ಬಗೆಯ ಆಂಟೆನಾದಲ್ಲಿ ಈ ಊಡಿಕೆಯದೇ ದೊಡ್ಡ ತೊಡಕು.

ಇದು ಲೋಹದ್ದಲ್ಲ, ಪಿಂಗಾಣಿಯ ಬಿಲ್ಲೆ. ಡೈಎಲೆಕ್ಟ್ರಿಕ್ ರೆಸೊನೇಟರ್ ಆಂಟೆನಾ ಎಂದು ಹೆಸರು. ಪಿಂಗಾಣಿಯು ವಿದ್ಯುತ್ತನ್ನು ಹರಿಯಗೊಡದು. ಆದರೆ ರೇಡಿಯೋ ಅಲೆ ಅದರೊಳಗೆ ಹೊಕ್ಕು ನಿಧಾನವಾಗಿ ಸಾಗುತ್ತದೆ, ಅಲೆಯ ಉದ್ದವೂ ಕುಗ್ಗುತ್ತದೆ. 2022ರ ಹರಾಜಿನಲ್ಲಿ 5ಜಿಗಾಗಿ ಮಾರಾಟವಾದ 26 ಗಿಗಾಹರ್ಟ್ಸ್ ಅಲೆಯನ್ನೇ ತೆಗೆದುಕೊಳ್ಳಿ. ಬಯಲಿನಲ್ಲಿ ಅದರ ಉದ್ದ ಸುಮಾರು 11.5 ಮಿ.ಮೀ.; ಪರಾವೈದ್ಯುತಾಂಕ 10 ಉಳ್ಳ ಪಿಂಗಾಣಿಯಲ್ಲಿ, 10ರ ವರ್ಗಮೂಲದಿಂದ ಭಾಗಿಸಿದರೆ, 3.6 ಮಿ.ಮೀ. ಮಾತ್ರ. ಬಿಲ್ಲೆಯ ಅಳತೆ ಇದಕ್ಕೆ ತಕ್ಕಂತಿದ್ದರೆ ಅಲೆ ಒಳಗೇ ಪುಟಿಪುಟಿದು ಬಲಗೊಂಡು ಹೊರಸೂಸುವುದು. ಇಂಥ ಅಲೆಗಳಲ್ಲಿ ಲೋಹದ ಆಂಟೆನಾ ಶಕ್ತಿಯ ಒಂದು ಪಾಲನ್ನು ಬಿಸಿಯಾಗಿ ಕಳೆಯುತ್ತದೆ. ಒಳ್ಳೆಯ ಪಿಂಗಾಣಿಯಲ್ಲಿ ಆ ನಷ್ಟ ಅತ್ಯಲ್ಪ.

ಹ್ಯೂಸ್ಟನ್ ವಿಶ್ವವಿದ್ಯಾನಿಲಯದ ಸ್ಟುವರ್ಟ್ ಲಾಂಗ್ ಮತ್ತು ಸಂಗಡಿಗರು ಇದರ ಪ್ರಯೋಗವನ್ನು 1983ರಲ್ಲಿ ಪ್ರಕಟಿಸಿದರು. ಪಿಂಗಾಣಿಯಂಥ ಪರಾವೈದ್ಯುತ ವಸ್ತುಗಳ ಆಂಟೆನಾಗಳನ್ನು ಕುರಿತು 1985ರಲ್ಲಿ ಗ್ರಂಥವನ್ನೇ ಬರೆದವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕಿಯಾಗಿದ್ದ ರಾಜೇಶ್ವರಿ ಚಟರ್ಜಿಯವರು. ಕನ್ನಡನಾಡಿನ ಈ ವಿದುಷಿಯ ಹೆಸರು ನಮ್ಮವರಿಗೇ ಅಷ್ಟಾಗಿ ತಿಳಿಯದಿರುವುದು ವಿಷಾದದ ಸಂಗತಿ.

ಇನ್ನು ಊಡಿಕೆ. ಜೋಕಾಲಿಯನ್ನು ಹಗ್ಗದ ಬುಡದಲ್ಲಿ ನೂಕಿದರೆ ಅದು ಆಡದು. ಮಣೆಯ ಬಳಿ ನೂಕಬೇಕು. ಹಾಗೆಯೇ ಬಿಲ್ಲೆಯೊಳಗೂ ವಿದ್ಯುತ್‌ಕ್ಷೇತ್ರ ಬಲವಾಗಿರುವ ಜಾಗ ಬೇರೆ, ಕಾಂತಕ್ಷೇತ್ರ ಬಲವಾಗಿರುವ ಜಾಗ ಬೇರೆ. ಊಡಿಕೆ ತನಗೊಪ್ಪುವ ಜಾಗದಲ್ಲಿ ಮುಟ್ಟದಿದ್ದರೆ, ಪಟ್ಟಿ ಜಾರಿದ ಗಿರಣಿಯಂತೆ, ಯಂತ್ರ ದುಡಿದರೂ ಮಗ್ಗ ಓಡದು: ಕಳುಹಿಸಿದ ಶಕ್ತಿ ತಂತಿಯಲ್ಲೇ ಹಿಂದಿರುಗುತ್ತದೆ.

ಮೊದಲಿನ ಕ್ರಮ ಸೂಜಿಯದು. ಬಿಲ್ಲೆಯನ್ನು ಕೂರಿಸಿದ ಲೋಹದ ತಗಡಿನ ಕೆಳಗಿನಿಂದ ಕೇಬಲ್ಲಿನ ಒಳತಂತಿಯನ್ನು ಮೇಲಕ್ಕೆ ಚಾಚಿ ಬಿಲ್ಲೆಯಲ್ಲಿ ಕೊರೆದ ರಂಧ್ರಕ್ಕೆ ತೂರಿಸುವುದು, ಇಲ್ಲವೆ ಅದರ ಮಗ್ಗುಲಿಗೆ ತಾಗಿಸುವುದು. ವಿದ್ಯುತ್‌ಕ್ಷೇತ್ರವನ್ನು ಹಿಡಿಯುವ ವಿಧಾನವಿದು. ಸೂಜಿಯ ಉದ್ದವನ್ನು ಹೆಚ್ಚುಕಡಿಮೆ ಮಾಡಿ ಹೊಂದಿಕೆ ಪಡೆಯಬಹುದು. ದೊಡ್ಡ ಬಿಲ್ಲೆಗೆ ಇದಕ್ಕಿಂತ ಸರಳವಾದುದಿಲ್ಲ. ಆದರೆ 3-4 ಮಿ.ಮೀ. ಪಿಂಗಾಣಿಯಲ್ಲಿ ರಂಧ್ರ ಕೊರೆಯುವುದೆಂದರೆ ಬಳೆಗೆ ತೂತು ಹಾಕಿದಂತೆ! ಕೊರೆದರೂ ಸೂಜಿಯ ಸುತ್ತ ಕೂದಲೆಳೆಯಷ್ಟು ಗಾಳಿ ಉಳಿದರೆ ಸಾಕು, ಬಿಲ್ಲೆಯ ಕಂಪನಾಂಕ ಮೇಲಕ್ಕೆ ಸರಿದುಬಿಡುತ್ತದೆ.

ಮುದ್ರಿತ ಹಲಗೆಯ ತಾಮ್ರದ ಪಟ್ಟಿಯ ಮೇಲೆ ಬಿಲ್ಲೆಯನ್ನು ಇಟ್ಟುಬಿಡುವುದು ಇನ್ನೊಂದು ಕ್ರಮ. ಅಗ್ಗವೇನೋ ಹೌದು, ಆದರೆ ಪಟ್ಟಿ ತಾನೇ ಸ್ವಲ್ಪ ಸೂಸತೊಡಗುತ್ತದೆ. ಮೇಲಾಗಿ ಪರಾವೈದ್ಯುತಾಂಕ ಕಡಿಮೆಯಿದ್ದಷ್ಟೂ ಅಲೆ ಬಿಲ್ಲೆಗೆ ಏರುವುದು ಕಷ್ಟ, ಅಗಲವಾದ ಕಂಪನಪಟ್ಟಿ ದೊರೆಯುವುದಾದರೋ ಅಂಥ ಬಿಲ್ಲೆಯಿಂದಲೇ.

ಸಣ್ಣ ಬಿಲ್ಲೆಗಳಿಗೆ ಸೀಳಿನ ಕ್ರಮವೇ ಲೇಸೆಂದು ನನಗೆ ತೋರುತ್ತದೆ. ಇದರಲ್ಲಿ ತಾಮ್ರದ ಪಟ್ಟಿ ತಗಡಿನ ಅಡಿಯಲ್ಲಿ ಮರೆಯಾಗಿರುತ್ತದೆ. ತಗಡಿನಲ್ಲಿ ಬಿಲ್ಲೆಯ ನಡುವಿಗೆ ಸರಿಯಾಗಿ ಸಣ್ಣ ಸೀಳು; ಅಲ್ಲಿ ಕಾಂತಕ್ಷೇತ್ರ ಬಲವಾಗಿರುವುದರಿಂದ ಅಲೆ ಸೀಳಿನ ಮೂಲಕ ಮೇಲೇರುತ್ತದೆ. ರಂಧ್ರವಿಲ್ಲ, ಬೆಸುಗೆಯಿಲ್ಲ. ದೋಷವೆಂದರೆ ಸೀಳು ಹಿಂಬದಿಗೂ ಒಂದಿಷ್ಟು ಸೋರುತ್ತದೆ. ಅದನ್ನು ಗಿಡ್ಡ ಮಾಡಿದರೆ ಸೋರಿಕೆಯೊಡನೆ ಊಡಿಕೆಯೂ ತಗ್ಗುವುದು. ಆದಕಾರಣ ಸೀಳಿನ ಉದ್ದವನ್ನೂ, ಅದನ್ನು ದಾಟಿ ಪಟ್ಟಿ ಮುಂದೆ ಚಾಚುವ ಅಳತೆಯನ್ನೂ ಮಿ.ಮೀ.ನ ಹತ್ತನೆಯ ಒಂದು ಪಾಲಿನಷ್ಟು ಬದಲಿಸುತ್ತ, ತಂತಿಗೆ ಹಿಂದಿರುಗುವ ಶಕ್ತಿಯನ್ನು ಅಳೆದು ನೋಡಿ ನಿಶ್ಚಯಿಸಬೇಕಾಗುತ್ತದೆ.